ಉಸಿರು, ರೀಡು, ಮರ: ಕ್ಲಾರಿನೆಟ್ ನಾದದಲ್ಲಿ ಯಾರ ಪಾಲೆಷ್ಟು?

1949ರಲ್ಲಿ ಬೆನ್ನಿ ಗುಡ್‌ಮನ್ ಅವರಿಗೆ ನಲವತ್ತು ವರ್ಷ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಕ್ಲಾರಿನೆಟ್ ಎಂದೊಡನೆ ಜನರ ಬಾಯಿಗೆ ಬರುತ್ತಿದ್ದ ಹೆಸರು ಅವರದೇ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ನಡೆಸಿದ ಜಾಝ್ ಕಛೇರಿ ಇತಿಹಾಸ ಸೇರಿತ್ತು. ಸಂಗೀತ ರಚನಕಾರರಲ್ಲಿ ಬೇಲಾ ಬಾರ್ಟೋಕ್ ಗುಡ್‌ಮನ್‌ಗಾಗಿ ‘ಕಾಂಟ್ರಾಸ್ಟ್ಸ್’ ಬರೆದಿದ್ದರು, ಏರನ್ ಕೋಪ್ಲೆಂಡ್ ಒಂದು ಕನ್ಸರ್ಟೊ ಬರೆದುಕೊಟ್ಟಿದ್ದರು. ಲೋಕದ ಯಾವ ತಯಾರಕರ ವಾದ್ಯ ಬೇಕೆಂದರೂ ಅವರ ಮನೆಬಾಗಿಲಿಗೆ ಬರುತ್ತಿತ್ತು. ಅಂಥವರು ತಮ್ಮ ನಾದ ಬೇರೆಯಾಗಬೇಕು ಎಂದು ಬಯಸಿದಾಗ ಹೋದದ್ದು ಅಂಗಡಿಗಲ್ಲ. ಇಂಗ್ಲೆಂಡಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ರೆಜಿನಾಲ್ಡ್ ಕೆಲ್ ಎಂಬ ಕ್ಲಾರಿನೆಟ್ ವಾದಕರ ಬಳಿಗೆ, ಶಿಷ್ಯನಾಗಿ. ಅದುವರೆಗೆ ಮೇಲಿನ ಹಲ್ಲನ್ನು ಮೌತ್‌ಪೀಸಿನ ಮೇಲೆ ಊರಿ ಊದುತ್ತಿದ್ದ ಗುಡ್‌ಮನ್, ಎರಡೂ ತುಟಿಗಳ ನಡುವೆ ಮೌತ್‌ಪೀಸನ್ನು ಹಿಡಿಯುವ ಕ್ರಮವನ್ನು ಹೊಸದಾಗಿ ಕಲಿತರು. ಬೆರಳಿಡುವ ರೀತಿಯನ್ನೂ ತಿದ್ದಿಕೊಂಡರು. ಮೂವತ್ತು ವರ್ಷದ ಅಭ್ಯಾಸವನ್ನು ಬಿಟ್ಟು ಹೆಚ್ಚುಕಡಿಮೆ ಮೊದಲಿನಿಂದ ಶುರು ಮಾಡುವುದು ಸಣ್ಣ ಸಾಹಸವಲ್ಲ.

ಈ ಅಧ್ಯಾಯದ ಪ್ರಶ್ನೆ ಇದೇ. ಒಬ್ಬ ಕ್ಲಾರಿನೆಟ್ ವಾದಕನ ನಾದದಲ್ಲಿ ವಾದ್ಯದ ಪಾಲೆಷ್ಟು, ವಾದಕನ ಪಾಲೆಷ್ಟು? ಕರಿಮರದ ಕೊಳವೆ, ಬೆಳ್ಳಿ ಲೇಪದ ಕೀಗಳು, ಹೆಸರಾಂತ ಮೌತ್‌ಪೀಸ್, ರೀಡ್ ಕಟ್ಟುವ ದುಬಾರಿ ಲಿಗೇಚರ್, ಇವುಗಳಲ್ಲಿ ಯಾವುದು ಕೇಳುಗನ ಕಿವಿಯವರೆಗೆ ತಲುಪುತ್ತದೆ, ಯಾವುದು ವಾದಕನ ಕೈಯಲ್ಲೇ ಉಳಿಯುತ್ತದೆ? ಇದು ಬರೀ ಅಭಿರುಚಿಯ ಮಾತಲ್ಲ. ಧ್ವನಿವಿಜ್ಞಾನಿಗಳು ದಶಕಗಳಿಂದ ಇದನ್ನು ಅಳೆದು ನೋಡಿದ್ದಾರೆ. ಅವರ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸ್ಪಷ್ಟವಾದ ಕ್ರಮ ಕಾಣುತ್ತದೆ: ಒಂದು ಭಾಗ ವಾದಕನ ಬಾಯಿಗೆ ಎಷ್ಟು ಹತ್ತಿರವೋ, ನಾದದಲ್ಲಿ ಅದರ ಪಾಲು ಅಷ್ಟು ದೊಡ್ಡದು.

ಕಂಪಿಸುವುದು ಯಾವುದು?

ಮೊದಲು ನಾದ ಹುಟ್ಟುವ ಜಾಗಕ್ಕೆ ಹೋಗೋಣ. ವಾದಕ ಬಾಯೊಳಗೆ ಸುಮಾರು 2ರಿಂದ 5 ಕಿಲೊಪಾಸ್ಕಲ್ ಒತ್ತಡವನ್ನು ಕಟ್ಟುತ್ತಾನೆ. 20ರಿಂದ 50 ಸೆಂಟಿಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಹೇರುವ ಒತ್ತಡದಷ್ಟು. ಆ ಗಾಳಿ ಮೌತ್‌ಪೀಸಿನ ತುದಿ ಮತ್ತು ಅದಕ್ಕೆ ಕಟ್ಟಿದ ತೆಳುಪಟ್ಟಿಯಾದ ರೀಡಿನ ತುದಿಯ ನಡುವಿನ, ಸುಮಾರು ಒಂದು ಮಿಲಿಮೀಟರ್ ಅಗಲದ ಸಂದಿಯಲ್ಲಿ ಒಳನುಗ್ಗುತ್ತದೆ. ಒಳಹೊಕ್ಕ ಒತ್ತಡದ ಅಲೆ ಕೊಳವೆಯುದ್ದಕ್ಕೂ ಸಾಗಿ, ತೆರೆದಿರುವ ಮೊದಲ ರಂಧ್ರದ ಬಳಿ ತಿರುಗಿ, ಮತ್ತೆ ರೀಡಿನತ್ತ ಬರುತ್ತದೆ. ಹೀಗೆ ಹಿಂದಿರುಗುವ ಅಲೆಯೇ ರೀಡನ್ನು ಒಮ್ಮೆ ಮುಚ್ಚಲು, ಒಮ್ಮೆ ತೆರೆಯಲು ನೆರವಾಗುತ್ತದೆ. ರೀಡ್ ಇಲ್ಲಿ ಒಂದು ಕವಾಟ. ತೆರೆಯುವ ಮುಚ್ಚುವ ವೇಗವನ್ನು ಗೊತ್ತುಮಾಡುವುದು ಕೊಳವೆಯೊಳಗಿನ ವಾಯುಸ್ತಂಭ.

ಕ್ಲಾರಿನೆಟ್‌ನ ಕೊಳವೆ ಬಹುಪಾಲು ಒಂದೇ ಅಗಲದ್ದು. ರೀಡ್ ಇರುವ ತುದಿ ಮುಚ್ಚಿದಂತೆ ವರ್ತಿಸುತ್ತದೆ, ಇನ್ನೊಂದು ತುದಿ ತೆರೆದಿದೆ. ಈ ಒಂದು ಸಂಗತಿಯಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಮೊದಲನೆಯದು, ಉದ್ದಕ್ಕೆ ಮೀರಿದ ಮಂದ್ರತೆ. ಪಾಶ್ಚಾತ್ಯ ಕೊಳಲೂ ಬಿ-ಫ್ಲಾಟ್ ಕ್ಲಾರಿನೆಟ್ಟೂ ಹೆಚ್ಚುಕಡಿಮೆ ಒಂದೇ ಉದ್ದ, ಸುಮಾರು 66 ಸೆಂಟಿಮೀಟರ್. ಆದರೆ ಆ ಕೊಳಲಿನ ಅತಿ ಕೆಳಗಿನ ಸ್ವರದ ಕಂಪನಾಂಕ ಸೆಕೆಂಡಿಗೆ ಸುಮಾರು 262, ಕ್ಲಾರಿನೆಟ್‌ನದು ಸುಮಾರು 147. ಎರಡನೆಯದು, ಉಪಸ್ವರಗಳ ಆಯ್ಕೆ. ಕೊಳಲನ್ನು ಬಲವಾಗಿ ಊದಿದರೆ ಅದೇ ಬೆರಳಿಗೆ ತಾರ ಷಡ್ಜ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಷಡ್ಜವನ್ನು ದಾಟಿ ತಾರಸ್ಥಾಯಿಯ ಪಂಚಮವೇ ಬರುತ್ತದೆ. ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಉಪಸ್ವರಗಳು ಕೆಳಸ್ಥಾಯಿಯಲ್ಲಿ ಬಲವಾಗಿಯೂ ಎರಡು, ನಾಲ್ಕು ದುರ್ಬಲವಾಗಿಯೂ ಇರುತ್ತವೆ. ಕ್ಲಾರಿನೆಟ್‌ನ ಮಂದ್ರಕ್ಕಿರುವ ಆ ಗುಂಭವಾದ, ಒಳಗಿನಿಂದ ಬಂದಂಥ ನಾದಗುಣಕ್ಕೆ ಇದೇ ಕಾರಣ.

1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಕ್ರಿಸ್ಟೊಫ್ ಡೆನ್ನರ್ ರೂಪಿಸಿದ ಮೊದಲ ಕ್ಲಾರಿನೆಟ್‌ಗಳಿಂದ ಇಂದಿನ ಪ್ಲಾಸ್ಟಿಕ್ ವಾದ್ಯದವರೆಗೆ ಎಲ್ಲದಕ್ಕೂ ಈ ಗುಣ ಸಮಾನ. ವಾದ್ಯದ ಗುರುತು ಅದರ ಜ್ಯಾಮಿತಿಯಲ್ಲಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಬಾಯಿಂದ ಅತಿ ದೂರದ ಸಂಗತಿಯಿಂದ ಹತ್ತಿರದ್ದಕ್ಕೆ ಬರೋಣ.

ಮರದ ಮಹಿಮೆ

ಒಳ್ಳೆಯ ಕ್ಲಾರಿನೆಟ್‌ಗಳು ಬಹುಪಾಲು ಆಫ್ರಿಕದ ಕರಿಮರದವು. ಟಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಬೆಳೆಯುವ ಈ ಮರಕ್ಕೆ ಸ್ವಾಹಿಲಿ ಭಾಷೆಯಲ್ಲಿ ಎಂಪಿಂಗೊ ಎಂದು ಹೆಸರು. ಸಸ್ಯಶಾಸ್ತ್ರದ ಪ್ರಕಾರ ಡಾಲ್ಬರ್ಜಿಯಾ ಮೆಲನೋಕ್ಸೈಲನ್. ನಮ್ಮ ಮಲೆನಾಡಿನ ಬೀಟೆ ಮರವೂ ಇದೇ ಡಾಲ್ಬರ್ಜಿಯಾ ಕುಲದ್ದು. ಕರಿಮರ ಎಷ್ಟು ದಟ್ಟವೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಈ ಮರದಿಂದಲೇ ಕ್ಲಾರಿನೆಟ್‌ಗೆ ‘ಕಪ್ಪು’ ನಾದ, ‘ಬೆಚ್ಚಗಿನ’ ನಾದ ಬರುತ್ತದೆ ಎಂಬ ನಂಬಿಕೆ ವಾದಕರಲ್ಲಿ ಗಾಢವಾಗಿದೆ.

ವೀಣೆಯ ವಿಷಯದಲ್ಲಿ ಇಂಥ ನಂಬಿಕೆಗೆ ಭದ್ರವಾದ ಆಧಾರವಿದೆ. ತಂತಿ ತೆಳು, ಅದು ತಾನಾಗಿ ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವನ್ನು ಹಲಸಿನ ಮರದ ಕೊಡ ಎತ್ತಿಕೊಂಡು ಸಭೆಗೆ ತಲುಪಿಸುತ್ತದೆ. ಅಲ್ಲಿ ಮರವೇ ನಾದವನ್ನು ಹೊರಸೂಸುತ್ತದೆ. ಕ್ಲಾರಿನೆಟ್‌ನಲ್ಲಿ ಗಾಳಿ ಆಗಲೇ ಕಂಪಿಸುತ್ತಿದೆ, ತೆರೆದ ರಂಧ್ರಗಳಿಂದ ನೇರವಾಗಿ ಹೊರಬರುತ್ತಿದೆ. ದಪ್ಪ ಗೋಡೆಯ ಕೊಳವೆ ಅದನ್ನು ಸುತ್ತುವರಿದು ನಿಂತಿದೆ, ಅಷ್ಟೆ. ನೀರು ತುಂಬುವ ಕೊಡ ತಾಮ್ರದ್ದಾಗಲಿ ಮಣ್ಣಿನದಾಗಲಿ, ಒಳಗಿನ ನೀರಿಗೆ ಬರುವುದು ಕೊಡದ ಆಕಾರವೇ. ವಾಯುಸ್ತಂಭದ ಪಾಡೂ ಹಾಗೆಯೇ.

ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ 1964ರಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಗೋಡೆಯ ಕಂಪನದಿಂದ ಹೊರಬರುವ ಸದ್ದು, ಆ ಕಂಪನ ಒಳಗಿನ ಗಾಳಿಯ ಮೇಲೆ ಬೀರುವ ಪ್ರಭಾವ, ಎರಡೂ ಲೆಕ್ಕಕ್ಕೆ ಬಾರದಷ್ಟು ಚಿಕ್ಕವು ಎಂದು ಅವರು ತೋರಿಸಿದರು. 1971ರಲ್ಲಿ ಜಾನ್ ಕೋಲ್ಟ್‌ಮನ್ ಬೆಳ್ಳಿ, ತಾಮ್ರ ಮತ್ತು ಮರದ ಮೂರು ಕೊಳಲುಗಳಿಗೆ ಒಂದೇ ಅಳತೆಯ ತಲೆಭಾಗ ಜೋಡಿಸಿ, ಕೈಗೆ ತೂಕ ಗೊತ್ತಾಗದಂತೆ ವ್ಯವಸ್ಥೆ ಮಾಡಿ ನುಡಿಸಲು ಕೊಟ್ಟರು. ಯಾವುದು ಬೆಳ್ಳಿ, ಯಾವುದು ಮರ ಎಂದು ಕೇಳುಗರಿಗೂ ತಿಳಿಯಲಿಲ್ಲ, ನುಡಿಸಿದವರಿಗೂ ತಿಳಿಯಲಿಲ್ಲ. 2001ರಲ್ಲಿ ವಿಯೆನ್ನಾದ ಸಂಶೋಧಕರು ಬೆಳ್ಳಿ, ಚಿನ್ನ, ಪ್ಲಾಟಿನಂ ಕೊಳಲುಗಳನ್ನು ವೃತ್ತಿಪರ ವಾದಕರಿಂದಲೇ ನುಡಿಸಿ ಪರೀಕ್ಷಿಸಿದಾಗಲೂ ಲೋಹದ ಬೆಲೆಗೂ ನಾದಕ್ಕೂ ಸಂಬಂಧ ಸಿಗಲಿಲ್ಲ.

ಕ್ಲಾರಿನೆಟ್‌ನ ಹತ್ತಿರದ ಬಂಧು ಸ್ಯಾಕ್ಸಫೋನ್. ಅದರ ಇತಿಹಾಸದಲ್ಲಿ ಇನ್ನೂ ಕಣ್ಣಿಗೆ ಕಟ್ಟುವ ಸಾಕ್ಷಿ ಇದೆ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್ ನುಡಿಸಿದ್ದು ಗ್ರಾಫ್ಟನ್ ಎಂಬ ಪ್ಲಾಸ್ಟಿಕ್ ಸ್ಯಾಕ್ಸಫೋನನ್ನು. ಆ ಕಛೇರಿಯ ಧ್ವನಿಮುದ್ರಣ ಇಂದಿಗೂ ಜಾಝ್‌ನ ಶ್ರೇಷ್ಠ ದಾಖಲೆಗಳ ಸಾಲಿನಲ್ಲಿದೆ, ಅದರಲ್ಲಿ ಕೇಳುವುದು ಪಾರ್ಕರ್ ಅವರದೇ ನಾದ. ಶಾಸ್ತ್ರೀಯ ಸಂಗೀತದ ಕಡೆಯಿಂದಲೂ ಸಾಕ್ಷಿ ಬೇಕೆಂದರೆ ರಿಚರ್ಡ್ ಮ್ಯೂಲ್‌ಫೆಲ್ಟ್ ಇದ್ದಾರೆ. ಸಂಗೀತ ರಚನೆಯನ್ನೇ ನಿಲ್ಲಿಸುವ ಮನಸ್ಸು ಮಾಡಿದ್ದ ಬ್ರಾಮ್ಸ್, 1891ರಲ್ಲಿ ಮತ್ತೆ ಲೇಖನಿ ಹಿಡಿದು ಕ್ಲಾರಿನೆಟ್ ಕ್ವಿಂಟೆಟ್ ಬರೆದದ್ದು ಮೈನಿಂಗನ್ ಆಸ್ಥಾನದ ಈ ವಾದಕರ ನಾದಕ್ಕೆ ಮಾರುಹೋಗಿ. ಮ್ಯೂಲ್‌ಫೆಲ್ಟ್ ಕೈಯಲ್ಲಿದ್ದದ್ದು ಹಳದಿ ಬಣ್ಣದ ಬಾಕ್ಸ್‌ವುಡ್ ಮರದ ಕ್ಲಾರಿನೆಟ್, ಕರಿಮರದ್ದಲ್ಲ.

ಹಾಗಾದರೆ ತಯಾರಕರು ಕರಿಮರದ ಹಿಂದೆ ಬಿದ್ದದ್ದು ಸುಮ್ಮನೆಯೇ? ಅಲ್ಲ. ಅದು ನುಣುಪಾಗಿ ಕೊರೆಸಿಕೊಳ್ಳುತ್ತದೆ, ತೇವಕ್ಕೆ ಅಷ್ಟಾಗಿ ಊದಿಕೊಳ್ಳುವುದಿಲ್ಲ, ಕೊರೆದ ರಂಧ್ರದ ಅಂಚು ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಒಳಗೋಡೆಯ ನುಣುಪು ಮತ್ತು ರಂಧ್ರದಂಚಿನ ಆಕಾರ ನಿಜಕ್ಕೂ ಮುಖ್ಯ. ಅಂಚು ತೀರಾ ಚೂಪಾಗಿದ್ದರೆ ಅಲ್ಲಿ ಗಾಳಿ ಸುಳಿಸುಳಿಯಾಗಿ ಶಕ್ತಿ ವ್ಯರ್ಥವಾಗುತ್ತದೆ ಎಂದು ಅಮೆರಿಕದ ಧ್ವನಿವಿಜ್ಞಾನಿ ಆರ್ಥರ್ ಬೆನೇಡ್ ಒತ್ತಿ ಹೇಳಿದ್ದರು. ಅಂದರೆ ಮರದ ಕೀರ್ತಿಯ ಬಹುಪಾಲು ಸಲ್ಲಬೇಕಾದ್ದು ಅದನ್ನು ಕೊರೆದ ಕೈಗೆ. ದುಬಾರಿ ಮರದ ಮೇಲೆ ತಯಾರಕ ಹೆಚ್ಚು ಹೊತ್ತು ಕೂರುತ್ತಾನೆ. ಅಗ್ಗದ ಪ್ಲಾಸ್ಟಿಕ್ ವಾದ್ಯ ಅಚ್ಚಿನಿಂದ ಬಂದದ್ದೇ ಅಂಗಡಿಗೆ ಹೋಗುತ್ತದೆ. ನಾವು ಕೇಳುವ ವ್ಯತ್ಯಾಸ ಈ ಆರೈಕೆಯದು.

ಇದರ ಅರಿವು ಕಾಡಿಗೂ ಒಳ್ಳೆಯದು. ಕರಿಮರ ಕಡಿಯುವಷ್ಟು ಬಲಿಯಲು ಹಲವು ದಶಕ ಬೇಕು. 2017ರಲ್ಲಿ ಇಡೀ ಡಾಲ್ಬರ್ಜಿಯಾ ಕುಲವನ್ನು ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಲಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬಫೆ ಕ್ರಾಂಪೋನ್ ಕಂಪನಿ ಕರಿಮರದ ಪುಡಿಯನ್ನು ರಾಳದೊಡನೆ ಬೆರೆಸಿ ಒತ್ತಿ ‘ಗ್ರೀನ್‌ಲೈನ್’ ಎಂಬ ಕ್ಲಾರಿನೆಟ್ ಮಾಡುತ್ತದೆ. ಅದು ಸೀಳು ಬಿಡುವುದಿಲ್ಲ, ವೃತ್ತಿಪರ ವಾದ್ಯವೃಂದಗಳಲ್ಲೂ ಬಳಕೆಯಾಗುತ್ತಿದೆ. ಒಳ್ಳೆಯ ನಾದಕ್ಕೆ ಹಳೆಯ ಮರವೊಂದು ಉರುಳಲೇಬೇಕೆಂದಿಲ್ಲ ಎನ್ನುವುದು ವಿಜ್ಞಾನ ಸಂಗೀತಗಾರರಿಗೆ ತಂದ ಶುಭವಾರ್ತೆ.

ಕೊಳವೆ ಮತ್ತು ರಂಧ್ರಗಳು

ಮರದ ಜಾತಿ ಗೌಣ, ಕೊಳವೆಯ ಒಳ ಅಳತೆ ಗೌಣವಲ್ಲ. ಇಲ್ಲಿ ಕೂದಲೆಳೆಯಷ್ಟು ಬದಲಾವಣೆಗೂ ಬೆಲೆಯಿದೆ. 1955ರಲ್ಲಿ ರಾಬರ್ಟ್ ಕರ್ರೆ ಅವರು ಬಫೆ ಕಂಪನಿಗಾಗಿ ರೂಪಿಸಿದ ಆರ್-13 ಮಾದರಿಯ ಒಳವ್ಯಾಸ ಸುಮಾರು 14.65 ಮಿಲಿಮೀಟರ್. ಅದೂ ಉದ್ದಕ್ಕೂ ಒಂದೇ ಸಮನಲ್ಲ, ಹಂತಹಂತವಾಗಿ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ಬೂಸಿ ಅಂಡ್ ಹಾಕ್ಸ್ ಕಂಪನಿಯ 1010 ಮಾದರಿಯ ಕೊಳವೆ 15 ಮಿಲಿಮೀಟರಿಗೂ ಹೆಚ್ಚು ಅಗಲವಿತ್ತು. ಅರ್ಧ ಮಿಲಿಮೀಟರಿನ ಈ ಅಂತರದಿಂದ ಸ್ಥಾಯಿಗಳ ನಡುವಿನ ಶ್ರುತಿ ಹೊಂದಾಣಿಕೆ ಬೇರೆಯಾಗುತ್ತದೆ, ಊದುವಾಗ ಎದುರಾಗುವ ತಡೆ ಬೇರೆಯಾಗುತ್ತದೆ. ಕಳೆದ ಶತಮಾನದಲ್ಲಿ ಇಂಗ್ಲಿಷ್ ಶೈಲಿ, ಫ್ರೆಂಚ್ ಶೈಲಿ ಎಂದು ಗುರುತಿಸಲಾಗುತ್ತಿದ್ದ ವಾದನಕ್ರಮಗಳ ಹಿಂದೆ ಈ ಅಳತೆಗಳ ಪಾತ್ರವೂ ಇತ್ತು. ಬರ್ಲಿನ್ ಫಿಲ್‌ಹಾರ್ಮೋನಿಕ್ ಇಂದಿಗೂ ಜರ್ಮನ್ ಪದ್ಧತಿಯ ಕ್ಲಾರಿನೆಟ್ಟನ್ನು, ವಿಯೆನ್ನಾ ಫಿಲ್‌ಹಾರ್ಮೋನಿಕ್ ತನ್ನದೇ ವಿಯೆನ್ನೀಸ್ ಮಾದರಿಯನ್ನು ಬಳಸುವುದು ತಮ್ಮ ಪರಂಪರೆಯ ನಾದವನ್ನು ಉಳಿಸಿಕೊಳ್ಳಲೆಂದೇ.

ರಂಧ್ರಗಳ ಸಾಲಿಗೆ ಇನ್ನೊಂದು ಕೆಲಸವಿದೆ. ಕೆಳಗಿನ ಉಪಸ್ವರಗಳು ಮೊದಲ ತೆರೆದ ರಂಧ್ರದಲ್ಲೇ ತಿರುಗಿ ಕೊಳವೆಯೊಳಗೆ ಉಳಿಯುತ್ತವೆ. ಸುಮಾರು 1500 ಹರ್ಟ್ಸ್‌ಗಿಂತ ಮೇಲಿನವು ತೆರೆದ ರಂಧ್ರಗಳ ಸಾಲನ್ನು ದಾಟಿ ಮುಂದೆ ಹೋಗಿಬಿಡುತ್ತವೆ. ಈ ಗಡಿ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ನಾದ ಹೊಳಪಿನದೋ ಮಬ್ಬಿನದೋ ಎನ್ನುವುದು ನಿಂತಿದೆ ಎಂದು ಬೆನೇಡ್ ತೋರಿಸಿಕೊಟ್ಟರು. ಗಡಿಯನ್ನು ನಿರ್ಧರಿಸುವುದು ರಂಧ್ರಗಳ ಗಾತ್ರ, ಅಂತರ ಮತ್ತು ಗೋಡೆಯ ದಪ್ಪ. ಇವೆಲ್ಲ ಮತ್ತೆ ಜ್ಯಾಮಿತಿಯ ಮಾತೇ.

ಇದೇ ಜಾಗದಲ್ಲಿ ಯಾವ ಜಾಹೀರಾತೂ ಹೇಳದ ಒಂದು ಸತ್ಯವಿದೆ. ಕೀಗಳ ಕೆಳಗಿನ ಪ್ಯಾಡ್ ರಂಧ್ರವನ್ನು ಪೂರ್ತಿ ಮುಚ್ಚದೆ ಎಳ್ಳಷ್ಟು ಗಾಳಿ ಸೋರಿದರೂ ಕೆಳಸ್ಥಾಯಿಯ ಸ್ವರಗಳು ಸೊರಗುತ್ತವೆ, ಕಿರುಚುತ್ತವೆ, ಕೆಲವೊಮ್ಮೆ ಹುಟ್ಟುವುದೇ ಇಲ್ಲ. ತನಗೆ ಉಸಿರು ಸಾಲದು, ತುಟಿಗೆ ಬಲವಿಲ್ಲ ಎಂದು ವಿದ್ಯಾರ್ಥಿ ತನ್ನನ್ನೇ ಬೈದುಕೊಳ್ಳುತ್ತಾನೆ. ಕಾರಣ ಒಂದು ಹಳೆಯ ಪ್ಯಾಡ್. ಸರಿಯಾಗಿ ಮುಚ್ಚುವ ಸಾಧಾರಣ ವಾದ್ಯ, ಸೋರುವ ದುಬಾರಿ ವಾದ್ಯಕ್ಕಿಂತ ಯಾವಾಗಲೂ ಮೇಲು.

ಒಂದು ಮಿಲಿಮೀಟರಿನ ಲೋಕ

ಈಗ ಬಾಯಿಯ ಹತ್ತಿರ ಬಂದೆವು. ರೀಡ್ ಆಗುವುದು ಆರುಂಡೋ ಡೊನಾಕ್ಸ್ ಎಂಬ ಜೊಂಡಿನಂಥ ದೈತ್ಯ ಹುಲ್ಲಿನಿಂದ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಬೆಳೆಗೆ ಹೆಸರು ಹೆಚ್ಚು. ಕೊಯ್ದು, ಒಣಗಿಸಿ, ಹದಗೊಳಿಸಿ, ಕೆತ್ತಿದ ರೀಡಿನ ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್. ಸಸ್ಯದ ನಾರು ಒಂದರಂತೆ ಇನ್ನೊಂದಿರುವುದಿಲ್ಲ. ಆದ್ದರಿಂದಲೇ ಒಂದೇ ಡಬ್ಬಿಯ, ಒಂದೇ ಸಂಖ್ಯೆಯ ರೀಡ್‌ಗಳಲ್ಲಿ ಒಂದು ಹಾಡುತ್ತದೆ, ಇನ್ನೊಂದು ಕೆಮ್ಮುತ್ತದೆ. ಹವೆಯ ತೇವ ಏರಿಳಿದರೆ ನಿನ್ನೆ ಹಾಡಿದ್ದು ಇಂದು ಮುನಿಯುತ್ತದೆ. ಈ ಚಂಚಲತೆಗೆ ಬೇಸತ್ತವರು ಇಂದು ಸಿಂಥೆಟಿಕ್ ರೀಡ್‌ಗಳತ್ತ ವಾಲುತ್ತಿದ್ದಾರೆ.

ಮೌತ್‌ಪೀಸನ್ನು ಸಾಮಾನ್ಯವಾಗಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನಿಂದ ಮಾಡುತ್ತಾರೆ. ಗಾಜಿನವೂ ಇವೆ. ಇಲ್ಲಿಯೂ ವಸ್ತುವಿಗಿಂತ ಆಕಾರವೇ ಮುಖ್ಯ: ತುದಿಯ ಸಂದಿ ಎಷ್ಟು, ರೀಡ್ ಬಾಗಿ ಕೂರುವ ವಕ್ರ ಎಷ್ಟು ಉದ್ದ, ಒಳಗೋಡೆ ತಗ್ಗೋ ಉಬ್ಬೋ. ಬಳಕೆಯಲ್ಲಿರುವ ಮೌತ್‌ಪೀಸ್‌ಗಳ ತುದಿಯ ಸಂದಿ ಹೆಚ್ಚಾಗಿ 1.0ರಿಂದ 1.2 ಮಿಲಿಮೀಟರ್ ನಡುವೆ. ಇಷ್ಟು ಕಿರಿದಾದ ವ್ಯಾಪ್ತಿಯಲ್ಲೇ ಮೃದು ಮತ್ತು ಕಟು, ಸುಲಭ ಮತ್ತು ಕಷ್ಟ ಎಲ್ಲವೂ ಅಡಗಿವೆ.

ರೀಡ್ ಮತ್ತು ಮೌತ್‌ಪೀಸ್ ಬೇರೆಬೇರೆ ಸಾಮಾನುಗಳಾಗಿ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಭೌತವಿಜ್ಞಾನಕ್ಕೆ ಅವೆರಡೂ ಸೇರಿ ಒಂದೇ ಕವಾಟ. ಬಾಯಿಯ ಒತ್ತಡ ಏರುತ್ತ ಹೋದರೆ ರೀಡ್ ಕೊನೆಗೆ ಮೌತ್‌ಪೀಸಿಗೆ ಅಂಟಿಕೊಂಡು ಗಾಳಿಯನ್ನು ಪೂರ್ತಿ ತಡೆಯುತ್ತದೆ. ಸರಳ ಸಿದ್ಧಾಂತದ ಪ್ರಕಾರ ಆ ಮುಚ್ಚುವ ಒತ್ತಡದ ಸುಮಾರು ಮೂರನೇ ಒಂದು ಭಾಗ ತಲುಪಿದಾಗ ಸ್ವರ ಹುಟ್ಟುತ್ತದೆ. ಸುಮಾರು ಅರ್ಧಕ್ಕೆ ಬಂದಾಗ ರೀಡ್ ಪ್ರತಿ ಸುತ್ತಿನಲ್ಲೂ ಮೌತ್‌ಪೀಸಿಗೆ ಬಡಿಯತೊಡಗಿ, ಮೇಲಿನ ಉಪಸ್ವರಗಳು ನುಗ್ಗಿ ನಾದ ಹೊಳಪೇರುತ್ತದೆ. ಮುಚ್ಚುವ ಒತ್ತಡವನ್ನು ಗೊತ್ತುಮಾಡುವುದು ರೀಡಿನ ಬಿರುಸು ಮತ್ತು ಸಂದಿಯ ಅಗಲ, ಎರಡರ ಗುಣಲಬ್ಧ. ಆದ್ದರಿಂದ ಸಂದಿ ಅಗಲವಾದ ಮೌತ್‌ಪೀಸಿಗೆ ಮೆತ್ತನೆಯ ರೀಡ್, ಸಂದಿ ಕಿರಿದಾದುದಕ್ಕೆ ಬಿರುಸಾದ ರೀಡ್ ಒಪ್ಪುತ್ತದೆ. ವಿಜ್ಞಾನ ಕೊಡುವ ಕಾರಣವೂ ಅನುಭವಸ್ಥರು ತಲೆಮಾರುಗಳಿಂದ ಹೇಳುತ್ತ ಬಂದ ಸಲಹೆಯೂ ಇಲ್ಲಿ ಒಂದೇ. ಬೇರೊಬ್ಬರ ಮೌತ್‌ಪೀಸನ್ನು ತಂದು ಅದಕ್ಕೆ ತನ್ನ ಹಳೆಯ ರೀಡನ್ನೇ ಕಟ್ಟಿ, ನಾದ ಕೆಟ್ಟಿತೆಂದು ಕೊರಗುವುದು ಅನ್ಯಾಯದ ಪರೀಕ್ಷೆ.

ರೀಡನ್ನು ಕಟ್ಟುವ ಲಿಗೇಚರ್ ವಿಷಯ ಬೇಗ ಮುಗಿಯುತ್ತದೆ. ಕಂಪಿಸುವುದು ರೀಡಿನ ತುದಿ, ಲಿಗೇಚರ್ ಹಿಡಿಯುವುದು ಅದರ ಬುಡ. ಬುಡ ಅಲುಗದಂತೆ, ಸಮನಾಗಿ ಕೂತರೆ ಅದರ ಕೆಲಸ ಆಯಿತು. ಜರ್ಮನ್ ಪರಂಪರೆಯ ವಾದಕರು ಅನೇಕರು ಇಂದಿಗೂ ದಾರ ಸುತ್ತಿ ಕಟ್ಟುತ್ತಾರೆ, ಅವರ ನಾದಕ್ಕೆ ಅದರಿಂದ ಕೊರತೆಯೇನೂ ಆಗಿಲ್ಲ.

ಬಾಯೊಳಗಿನ ವಾದ್ಯ

ಅಂಗಡಿಯಲ್ಲಿ ಸಿಗದ ಸಲಕರಣೆಗಳ ಸರದಿ ಈಗ. ಮೊದಲನೆಯದು ಕೆಳತುಟಿ. ರೀಡಿಗೆ ತನ್ನದೇ ಸಹಜ ಕಂಪನಾಂಕವಿದೆ, ಸುಮಾರು 2000ದಿಂದ 3000 ಹರ್ಟ್ಸ್. ಅದನ್ನು ಹಾಗೇ ಬಿಟ್ಟರೆ ಕೊಳವೆಯ ಮಾತು ಕೇಳದೆ ತನ್ನ ಸ್ವರದಲ್ಲೇ ಕಿರುಚುತ್ತದೆ. ಕಲಿಯುವವರ ಬಾಯಿಂದ ಬರುವ ಕೀರಲು ಸದ್ದು ಅದೇ. ಮೆತ್ತನೆಯ ತುಟಿ ಆ ಕಂಪನವನ್ನು ಹೀರಿ ಅಡಗಿಸುತ್ತದೆ. ತುಟಿ ಎಲ್ಲಿ ತಾಗುತ್ತದೆ, ಎಷ್ಟು ಒತ್ತುತ್ತದೆ ಎನ್ನುವುದು ಬದಲಾದರೆ ರೀಡಿನ ಬಿರುಸು, ಕಂಪಿಸುವ ಉದ್ದ, ಸಂದಿಯ ಅಗಲ ಮೂರೂ ಬದಲಾಗುತ್ತವೆ. ಅಂದರೆ ತುಟಿಯ ಹಿಡಿತವನ್ನು ತಿದ್ದಿಕೊಂಡ ವಾದಕ ತನ್ನ ರೀಡನ್ನೂ ಮೌತ್‌ಪೀಸನ್ನೂ ಒಟ್ಟಿಗೆ ಬದಲಿಸಿದಂತಾಯಿತು. ಗುಡ್‌ಮನ್ ನಲವತ್ತರ ಹರೆಯದಲ್ಲಿ ಕೈಹಾಕಿದ್ದು ಈ ಕೆಲಸಕ್ಕೇ.

ತುಟಿಯ ಈ ಪ್ರಭಾವವನ್ನು ಅಳೆದದ್ದು ಆಸ್ಟ್ರೇಲಿಯದ ಸಿಡ್ನಿಯಲ್ಲಿ. ಅಲ್ಲಿನ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜೋ ವುಲ್ಫ್, ಜಾನ್ ಸ್ಮಿತ್ ಮತ್ತು ಸಂಗಡಿಗರು ಯಂತ್ರದ ತುಟಿ, ಯಂತ್ರದ ಬೆರಳುಗಳಿರುವ ಕ್ಲಾರಿನೆಟ್ ವಾದಕ ರೋಬಾಟೊಂದನ್ನು ಬಳಸಿದರು. ವಾದ್ಯ ಅದೇ ಇರುವಾಗ ತುಟಿಯ ಒತ್ತಡವನ್ನೂ ಗಾಳಿಯ ಒತ್ತಡವನ್ನೂ ಹಂತಹಂತವಾಗಿ ಬದಲಿಸುತ್ತ, ಶ್ರುತಿ, ಬಲ, ಹೊಳಪು ಹೇಗೆ ಬದಲಾಗುತ್ತವೆ ಎಂದು ನಕ್ಷೆ ಬರೆದರು. ಒಂದೇ ಶ್ರುತಿ, ಒಂದೇ ಗಟ್ಟಿತನವನ್ನು ತುಟಿ ಮತ್ತು ಉಸಿರಿನ ಬೇರೆಬೇರೆ ಜೋಡಿಗಳಿಂದ ಪಡೆಯಬಹುದು, ಹಾಗೆ ಮಾಡುವಾಗ ನಾದದ ಬಣ್ಣ ಬೇರೆಯಾಗುತ್ತದೆ. ವಾದ್ಯ ಬದಲಾಗದೆಯೇ ನಾದ ಬದಲಾಗುವ ಬಗೆ ಇದು.

ಇನ್ನೂ ಒಳಗೆ ಹೋದರೆ ನಾಲಗೆ, ಗಂಟಲು. ರೀಡಿನ ಆಚೆ ಕೊಳವೆಯ ವಾಯುಸ್ತಂಭ ಇರುವಂತೆ ಈಚೆ ಬಾಯಿ ಗಂಟಲುಗಳ ವಾಯುಸ್ತಂಭವೂ ಇದೆ. ರೀಡ್ ಎರಡಕ್ಕೂ ಓಗೊಡುತ್ತದೆ. ಸಿಡ್ನಿಯ ಇದೇ ತಂಡ ವಾದಕರು ನುಡಿಸುತ್ತಿರುವಾಗಲೇ ಅವರ ಬಾಯೊಳಗಿನ ಅನುರಣನವನ್ನು ಅಳೆಯುವ ಉಪಾಯ ಕಂಡುಕೊಂಡಿತು. ಗರ್ಶ್‌ವಿನ್ ಅವರ ‘ರಾಪ್ಸಡಿ ಇನ್ ಬ್ಲೂ’ ಕೃತಿಯ ಆರಂಭದಲ್ಲಿ ಕ್ಲಾರಿನೆಟ್ ಒಂದು ಸ್ವರದಿಂದ ಮೇಲಕ್ಕೆ ಎಲ್ಲೂ ತುಂಡಾಗದೆ ಜಾರುತ್ತ ಏರುತ್ತದೆ. 1924ರ ಫೆಬ್ರುವರಿ 12ರಂದು ನ್ಯೂಯಾರ್ಕಿನಲ್ಲಿ ಅದನ್ನು ಮೊದಲು ನುಡಿಸಿದವರು ರಾಸ್ ಗಾರ್ಮನ್. ಬರೆದಿದ್ದ ಬಿಡಿಬಿಡಿ ಸ್ವರಗಳ ಸಾಲನ್ನು ಜಾರಿಕೆಯಾಗಿಸಿದ್ದೂ ಅವರೇ. ಆ ಜಾರಿಕೆಯ ಗುಟ್ಟು 2009ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಬಯಲಾಯಿತು. ಬೆರಳುಗಳನ್ನು ರಂಧ್ರಗಳಿಂದ ಮೆಲ್ಲಗೆ ಸರಿಸುವುದರ ಜೊತೆಗೆ, ವಾದಕರು ಬಾಯಿ ಗಂಟಲುಗಳ ಆಕಾರವನ್ನು ಬದಲಿಸಿ, ಅಲ್ಲಿನ ಅನುರಣನವನ್ನು ಬೇಕಾದ ಸ್ವರದ ಹತ್ತಿರಕ್ಕೆ ತಂದು, ಕೊಳವೆಯ ಆಣತಿಯನ್ನೇ ಮೀರುತ್ತಿದ್ದರು.

ಸ್ವರದಿಂದ ಸ್ವರಕ್ಕೆ ಜಾರುವ ವಿದ್ಯೆ ನಮ್ಮ ಸಂಗೀತದ ಜೀವ. ಬಿಡಿ ಸ್ವರಗಳಿಗೆಂದು ಯುರೋಪಿನಲ್ಲಿ ಕಟ್ಟಿದ ವಾದ್ಯ ನಮ್ಮ ನೆಲಕ್ಕೆ ಬಂದಾಗ, ಅದರಲ್ಲಿ ಗಮಕ ನುಡಿಯದು ಎಂದು ಕೈಬಿಡಬಹುದಿತ್ತು. ಆದರೆ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದ ಗಮಕಗಳನ್ನು ಕ್ಲಾರಿನೆಟ್‌ನಲ್ಲಿ ನುಡಿಸಿ ಕಛೇರಿಯ ಮುಖ್ಯ ವಾದ್ಯವಾಗಿ ಅದನ್ನು ನಿಲ್ಲಿಸಿದರು. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಹಿಂದೂಸ್ತಾನಿ ರಾಗಗಳನ್ನು ಅದೇ ವಾದ್ಯದಲ್ಲಿ ಬೆಳಗಿದರು. ಅರ್ಧ ಮುಚ್ಚಿದ ರಂಧ್ರ, ಸಡಿಲಿಸಿದ ತುಟಿ, ತಿದ್ದಿದ ಗಂಟಲು, ಇವುಗಳ ಜೊತೆಗೆ ರಾಗ ಹೇಗಿರಬೇಕೆಂಬ ಖಚಿತ ಅರಿವು ಸೇರಿ ಆ ನಾದ ಬಂದಿತು. ಒಂದೇ ವಾದ್ಯ ಬ್ರಾಮ್ಸ್‌ನನ್ನೂ ಗುಡ್‌ಮನ್‌ನನ್ನೂ ತೋಡಿಯನ್ನೂ ನುಡಿಯಬಲ್ಲದು ಎನ್ನುವುದೇ ವಾದಕನ ಪಾಲು ಎಷ್ಟು ದೊಡ್ಡದು ಎನ್ನುವುದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ.

ನಾದದ ಆರಂಭವೂ ನಾಲಗೆಯ ಕೈಯಲ್ಲಿದೆ. ಧ್ವನಿಮುದ್ರಣಗಳಲ್ಲಿ ಪ್ರತಿ ಸ್ವರದ ಮೊದಲ ಕ್ಷಣವನ್ನು ಕತ್ತರಿಸಿ ಕೇಳಿಸಿದರೆ, ಪಳಗಿದ ಕಿವಿಗಳೂ ಒಂದು ವಾದ್ಯವನ್ನು ಇನ್ನೊಂದೆಂದು ತಿಳಿಯುತ್ತವೆ ಎಂದು 1960ರ ದಶಕದ ಪ್ರಯೋಗಗಳು ತೋರಿಸಿದವು. ನಾಲಗೆ ರೀಡಿನಿಂದ ಹೇಗೆ ಬಿಡುತ್ತದೆ ಎನ್ನುವುದರಲ್ಲಿ ವಾದಕನ ರುಜು ಇದೆ. ಅದನ್ನು ಯಾವ ಕಂಪನಿಯೂ ಮಾರಲಾರದು.

ಹಾಗಾದರೆ ವಾದಕರು ಹೇಳುವುದು ಸುಳ್ಳೇ?

ಮರ ಬದಲಿಸಿದೆ, ನಾದ ಬದಲಾಯಿತು ಎಂದು ಅನುಭವಸ್ಥ ವಾದಕರು ಹೇಳಿದಾಗ ಅವರನ್ನು ತಳ್ಳಿಹಾಕುವುದು ಸರಿಯಲ್ಲ. ಅವರು ಕೇಳುವ ಜಾಗವೇ ಬೇರೆ. ಮೌತ್‌ಪೀಸಿನ ಮೇಲೆ ಊರಿದ ಹಲ್ಲಿನ ಮೂಲಕ, ತಲೆಬುರುಡೆಯ ಮೂಲಕ ಕಂಪನ ನೇರವಾಗಿ ಅವರ ಒಳಗಿವಿಗೆ ತಲುಪುತ್ತದೆ. ಮೌತ್‌ಪೀಸಿಗೆ ಒಂದು ಚಿಕ್ಕ ರಬ್ಬರ್ ತುಂಡು ಅಂಟಿಸಿದರೆ ಸಾಕು, ವಾದಕನಿಗೆ ತನ್ನ ನಾದ ಬೇರೆಯಾಗಿ ಕೇಳುತ್ತದೆ, ಸಭೆಗೆ ಹಾಗಾಗುವುದಿಲ್ಲ. ಬೆರಳಿಗೆ ತಾಗುವ ಕಂಪನ, ಕೈಗೆ ಸಿಗುವ ತೂಕ, ಉಸಿರಿಗೆ ಎದುರಾಗುವ ತಡೆ ಇವೂ ಅವನ ತೀರ್ಪಿನಲ್ಲಿ ಬೆರೆಯುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಪಳಗಿದ ವಾದಕನ ಮನಸ್ಸಿನಲ್ಲಿ ತನ್ನ ನಾದದ ಚಿತ್ರ ಸ್ಪಷ್ಟವಾಗಿರುತ್ತದೆ. ಹೊಸ ಮೌತ್‌ಪೀಸ್ ಕೊಟ್ಟರೆ ಆರಂಭದಲ್ಲಿ ನಾದ ಬೇರೆಯಾಗಿ ಬರುತ್ತದೆ. ಬರಬರುತ್ತ ತುಟಿ, ಉಸಿರು, ನಾಲಗೆ ತಾವಾಗಿ ಹೊಂದಿಕೊಂಡು ಅವನನ್ನು ಅವನ ನಾದಕ್ಕೇ ಮರಳಿಸುತ್ತವೆ. ಆ ಹೊಂದಾಣಿಕೆಗೆ ಅವನು ತೆರಬೇಕಾದ ಶ್ರಮ ಮಾತ್ರ ಸಲಕರಣೆಯಿಂದ ಸಲಕರಣೆಗೆ ಬದಲಾಗುತ್ತದೆ. ತಕ್ಕ ಸಲಕರಣೆ ಇದ್ದರೆ ಬಯಸಿದ ನಾದ ಸಲೀಸಾಗಿ ಬರುತ್ತದೆ, ಮನಸ್ಸು ಸಂಗೀತದ ಕಡೆ ತಿರುಗುತ್ತದೆ. ತಕ್ಕದ್ದಲ್ಲದಿದ್ದರೆ ಅದೇ ನಾದಕ್ಕಾಗಿ ಇಡೀ ಸಂಜೆ ಹೋರಾಡಬೇಕು. ಎರಡು ಗಂಟೆಯ ಕಛೇರಿ ನುಡಿಸುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಸಲಕರಣೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಕಲಿಯುತ್ತಿರುವವರಿಗೂ ಅವರ ತಂದೆತಾಯಿಗಳಿಗೂ ಒಂದು ಮಾತು. ಕರಿಮರದ ವಾದ್ಯ ಕೊಳ್ಳಲಾಗಲಿಲ್ಲವೆಂದು ನೊಂದುಕೊಳ್ಳಬೇಡಿ. ಇರುವ ವಾದ್ಯದ ಪ್ಯಾಡ್‌ಗಳನ್ನು ಮೊದಲು ಬಲ್ಲವರ ಕೈಯಲ್ಲಿ ಸರಿಮಾಡಿಸಿ. ಆಮೇಲೆ ಒಂದು ಒಳ್ಳೆಯ ಮೌತ್‌ಪೀಸ್ ಕೊಳ್ಳಿ, ಅದಕ್ಕೆ ಹೊಂದುವ ರೀಡ್‌ಗಳನ್ನು ತಾಳ್ಮೆಯಿಂದ ಆರಿಸಿ, ಒಂದನ್ನೇ ಸವೆಸದೆ ಸರದಿಯಂತೆ ಬಳಸಿ. ಉಳಿದ ಹಣವನ್ನು ಒಬ್ಬ ಒಳ್ಳೆಯ ಗುರುವಿಗೆ ಕೊಡಿ. ಒಂದೊಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದು, ಕಿವಿಗೊಟ್ಟು ಕೇಳುವ ಅಭ್ಯಾಸವನ್ನು ದಿನವೂ ಬಿಡದೆ ಮಾಡಿ. ನಿಮ್ಮ ನಾದವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವ ಸಾಧನ ಅದು, ಅದಕ್ಕೆ ಹಣ ಬೇಕಿಲ್ಲ.